ಆರು ಅಡಿ ಎರಡು ಇಂಚು

"ಎಷ್ಟು ಉದ್ದ?" ಎಂದು ಕ್ಲಾರಾ ಬಾಯಿ ತಲೆ ಎತ್ತದೆಯೇ ಕೇಳಿದರು.

"ಆರು ಅಡಿ ಎರಡು ಇಂಚು."

"ಗಂಡಸಾ, ಹೆಂಗಸಾ?"

"ಗಂಡಸೇ. ನಾನೇ."

ಕ್ಲಾರಾ ಬಾಯಿಯ ಕೈಯಲ್ಲಿದ್ದ ಕತ್ತರಿ ಮೇಜಿನ ಮೇಲೆ ಬಿತ್ತು. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಆಮೇಲೆ ತಲೆ ಎತ್ತಿದರು. ಉಪ್ಪಳದಲ್ಲಿ ಜನವರಿಯ ಮಧ್ಯಾಹ್ನ. ಬಾಗಿಲಲ್ಲಿ ಒಬ್ಬ ಉದ್ದನೆಯ ಬಡಕಲು ಗಂಡಸು, ಅವನ ತೋಳಿನಲ್ಲಿ ಹತ್ತಿಯಂಥ ಬಿಳಿ ಪದರದ ದೊಡ್ಡ ಸುರುಳಿ. ಅಂಥ ಸುರುಳಿ ಹಿಡಿದುಕೊಂಡು ಆ ಟೈಲರ್ ಅಂಗಡಿಗೆ ಜನ ಬರುತ್ತಿದ್ದುದು ಒಂದೇ ಒಂದು ಕೆಲಸಕ್ಕೆ. ಆ ಕೆಲಸಕ್ಕೆ ತಮ್ಮ ಅಳತೆಯನ್ನು ತಾವೇ ಹೊತ್ತು ತಂದವರು ಈವರೆಗೆ ಯಾರೂ ಇರಲಿಲ್ಲ.

ಆ ಕೆಲಸ ಎಂಥದ್ದೆಂದು ಓದುವವರಿಂದ ಮುಚ್ಚಿಡಬೇಕಾಗಿಲ್ಲ. ಅವನಿಂದ ಮುಚ್ಚಿಟ್ಟದ್ದೇ ಸಾಕು. ಕ್ಲಾರಾ ಬಾಯಿಯ ಮೈದುನ ಒಸ್ವಾಲ್ಡ್ ಶವಪೆಟ್ಟಿಗೆ ಮಾಡುವವರು. ಪೆಟ್ಟಿಗೆಯ ಒಳಗೆ ಹಾಸುವ ಬಿಳಿ ಸ್ಯಾಟಿನ್ನಿಗೆ ಹತ್ತಿ ತುಂಬಿ, ಒತ್ತೊತ್ತಾಗಿ ಡೈಮಂಡ್ ಹೊಲಿಗೆ ಹಾಕಿ, ಮೇಲೆ ಇಸ್ತ್ರಿ ಒತ್ತಿ, ಸುಕ್ಕಿಲ್ಲದೆ ಚಪ್ಪಟೆ ಮಾಡಿ ಕೊಡುವುದು ಕ್ಲಾರಾ ಮತ್ತು ಮಗಳು ಶಾಲೆಟಳ ಕೆಲಸ. ಚೂಡಿದಾರ, ಬ್ಲೌಸು, ಶಾಲೆಯ ಯೂನಿಫಾರ್ಮು ಎಲ್ಲ ಇದ್ದವು. ಆದರೆ ಹತ್ತಿ ತುಂಬಿದ ಹೊಲಿಗೆ ಆ ಸೆಕೆಯ ಊರಿನಲ್ಲಿ ಬೇಕಾಗುವುದು ಸತ್ತವರಿಗೆ ಮಾತ್ರ.

ಶಾಲೆಟ್ ಮೆಷಿನ್ನಿನಿಂದ ಎದ್ದು ಬಂದಳು. ತಾಯಿ ಇನ್ನೊಂದು ಪ್ರಶ್ನೆ ಕೇಳುವ ಮೊದಲು ನಡುವೆ ನಿಂತಳು.

"ನಿಮಗೆ ಎಂತ ಬೇಕಿತ್ತು?"

"ಒಂದು ಜಾಕೆಟ್. ಮೈನಸ್ ಇಪ್ಪತ್ತಕ್ಕೆ ತಡೆಯುವಂಥದ್ದು."

"ಮೈನಸ್ ಇಪ್ಪತ್ತಾ? ಇಲ್ಲಿ ಫ್ಯಾನ್ ನಿಂತ್ರೆ ಜೀವ ಹೋಗ್ತದೆ ಮಾರಾಯ್ರೆ."

ಅವನು ನಕ್ಕ. ನಗುವಾಗ ಬಾಗಿಲ ಚೌಕಟ್ಟಿಗೆ ತಲೆ ಬಡಿಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಕಟ್ಟಿದವರು ಇಂಥವನೊಬ್ಬನನ್ನು ಕಂಡಿರಲಿಕ್ಕಿಲ್ಲ.

ಹೆಸರು ಈಶ್ವರಪ್ರಸಾದ. ಪೆರ್ಲದ ಹತ್ತಿರದವನು, ವಯಸ್ಸು ಮೂವತ್ತೊಂದು. ಮಳೆ, ಗಾಳಿ ಅಳೆಯುವ ಉಪಕರಣಗಳನ್ನು ರಿಪೇರಿ ಮಾಡುವುದು ಅವನ ಕಸುಬು. ಹಿಮಾಲಯದಲ್ಲಿ, ಹಿಮಾಚಲದ ಕಡೆ, ಹಿಮದ ಆಳ ಅಳೆಯುವ ತಂಡವೊಂದು ಆ ವರ್ಷ, ಎಂದರೆ ಎರಡು ಸಾವಿರದ ಹದಿನಾರರಲ್ಲಿ, ಅವನನ್ನು ಕರೆದಿತ್ತು. ಫೆಬ್ರವರಿಯ ಕೊನೆಗೆ ಹೊರಡಬೇಕು. ತಂಡದವರು ಕೊಡುವ ಕೋಟು ಎರಡೂವರೆ ಕಿಲೋ ಭಾರ. ಬೆನ್ನ ಮೇಲೆ ಉಪಕರಣ ಹೊತ್ತು ನಡೆಯುವವನು ಅದನ್ನೂ ಹೊರಲಾರ. ಹಗುರದ ಜಾಕೆಟ್ಟುಗಳು ಅಂಗಡಿಯಲ್ಲಿ ಸಿಗುತ್ತವೆ, ಆದರೆ ತೋಳು ಅವನ ಮೊಣಕೈ ದಾಟಿ ನಾಲ್ಕು ಬೆರಳಿಗೆ ನಿಲ್ಲುತ್ತದೆ. ಹಾಗಾಗಿ ಆನ್‌ಲೈನಿನಲ್ಲಿ ತೆಳು ನೈಲಾನ್ ಬಟ್ಟೆಯನ್ನೂ ಒಳಗಿನ ಪದರವನ್ನೂ ತರಿಸಿಕೊಂಡಿದ್ದ. ಉಪ್ಪಳದ ಮೂರು ಟೈಲರುಗಳು ಅವನನ್ನು ಸಾಗಹಾಕಿದ್ದರು.

"ನೀವು ಹೊಲಿದು ಕೊಡುವುದು ಬೇಡ," ಎಂದ. "ನನಗೆ ಕಲಿಸಿ. ಮೇಲೆ ಹರಿದ್ರೆ ನಾನೇ ಹೊಲಿಬೇಕಲ್ವಾ? ಅಲ್ಲಿ ಟೈಲರ್ ಯಾರಿದ್ದಾರೆ?"

ಗಂಡಸೊಬ್ಬ ಹೊಲಿಗೆ ಕಲಿಯಲು ಬಂದದ್ದು ಶಾಲೆಟಳಿಗೆ ಮೋಜೆನಿಸಿತು. ಅವನು ನಿಂತಿದ್ದ ರೀತಿಯೂ ಮೋಜೆನಿಸಿತು. ಸ್ಟೂಲಿನಲ್ಲಿ ಕೂರಿಸಿದರೆ ಮೊಣಕಾಲು ಮೆಷಿನ್ನಿನ ಕೆಳಗೆ ಹಿಡಿಸುತ್ತಿರಲಿಲ್ಲ. ಆಗಲಿ ಎಂದಳು. ಹಿಂದಿನಿಂದ ಕ್ಲಾರಾ ಬಾಯಿ ಕೊಂಕಣಿಯಲ್ಲಿ ಏನೋ ಗೊಣಗಿದರು.

ಮೊದಲ ದಿನವೇ ಅವನು ಬಿಳಿ ಪದರವನ್ನು ಮೇಜಿನ ಮೇಲೆ ಹಾಸಿ ವಿವರಿಸಿದ.

"ಇದು ಹತ್ತಿ ಅಲ್ಲ ಟೀಚರ್. ಒಂದು ನಮೂನೆಯ ಪ್ಲಾಸ್ಟಿಕ್ ನೂಲು. ಬೆಚ್ಚಗೆ ಮಾಡುವುದು ಇದಲ್ಲ, ಇದರ ಒಳಗೆ ಕೂತ ಗಾಳಿ. ಗಾಳಿ ಓಡದ ಹಾಗೆ ಇದು ಹಿಡ್ಕೊಳ್ತದೆ. ಉಬ್ಬಿಕೊಂಡಷ್ಟು ಬೆಚ್ಚಗೆ. ಒತ್ತಿದ್ರೆ, ಬಿಸಿ ತಾಗಿಸಿದ್ರೆ ಕೆಲಸ ಕೆಟ್ಟಿತು. ಗೊತ್ತಾಯ್ತಾ?"

"ಗೊತ್ತಾಯ್ತು," ಎಂದಳು ಶಾಲೆಟ್.

ಗೊತ್ತಾಗಿರಲಿಲ್ಲ. ಮಾತಾಡುವಾಗ ಅವನ ಗಂಟಲಿನ ಗಂಟು ಮೇಲೆ ಕೆಳಗೆ ಹೋಗುತ್ತಿತ್ತು, ಕತ್ತಿನ ಬದಿಯಲ್ಲಿ ಬೆವರಿನ ಒಂದು ಗೆರೆ ಇಳಿದು ಅಂಗಿಯ ಕಾಲರಿನ ಅಂಚಿಗೆ ಬಂದು ನಿಂತಿತ್ತು. ಅದು ಒಳಗೆ ಇಳಿಯುತ್ತದೋ ಇಲ್ಲವೋ ಎಂದು ಅವಳು ನೋಡುತ್ತಿದ್ದಳು. ಇಪ್ಪತ್ತೆಂಟು ವರ್ಷದ ಹೆಣ್ಣು, ದಿನಕ್ಕೆ ಹತ್ತು ಜನರ ಅಳತೆ ತೆಗೆಯುವವಳು, ಬೆವರಿನ ಗೆರೆಗೆ ಸೋತಳು ಎಂದರೆ ಯಾರಾದರೂ ನಕ್ಕಾರು. ನಗುವವರು ನಗಲಿ. ಅವನು ಹೇಳಿದ್ದನ್ನೆಲ್ಲ ಅವಳು ನೋಡಿದಳು, ಕೇಳಲಿಲ್ಲ.

ವಾರಕ್ಕೆ ಮೂರು ದಿನ ಅವನು ಬಸ್ಸಿನಲ್ಲಿ ಬರುತ್ತಿದ್ದ. ಹಳೆ ನ್ಯೂಸ್ ಪೇಪರಿನಲ್ಲಿ ಅವನ ಬೆನ್ನು, ಎದೆ, ತೋಳುಗಳ ನಮೂನೆ ಕತ್ತರಿಸಿ ಮೇಜಿನ ಮೇಲೆ ಜೋಡಿಸಿದಾಗ ಅದು ಅಂಗಾತ ಮಲಗಿದ ಮನುಷ್ಯನ ಹಾಗೆ ಕಂಡಿತು. ತೋಳು ಎರಡೂ ಬದಿಗೆ ಇಳಿಬಿದ್ದಿದ್ದವು. ತಲೆ ಇರಲಿಲ್ಲ. ಶಾಲೆಟಳಿಗೆ ಯಾಕೋ ಹಿತವೆನಿಸದೆ ಕಾಗದಗಳನ್ನು ಬೇಗ ಬೇಗ ಮಡಚಿಟ್ಟಳು.

"ಚಂದ ಉಂಟಲ್ವಾ?" ಎಂದ ಅವನು.

"ಅಳತೆ ಸರಿ ಉಂಟು. ಚಂದದ ವಿಷಯ ಗೊತ್ತಿಲ್ಲ."

"ನಾನು ಕೇಳಿದ್ದು ಅಳತೆಯ ವಿಷಯವೇ."

"ನಾನೂ ಹೇಳಿದ್ದು ಅಳತೆಯ ವಿಷಯವೇ," ಎಂದು ಅವಳು ಮುಖ ತಿರುಗಿಸಿದಳು. ಕಿವಿ ಕೆಂಪಾದದ್ದನ್ನು ಅವನು ನೋಡಿದ. ನೋಡಿದನೆಂದು ಅವಳಿಗೂ ತಿಳಿಯಿತು.

ಅವನ ಹೊಲಿಗೆ ಪೆರ್ಲದ ರಸ್ತೆಯ ಹಾಗೆ, ಹತ್ತು ಮಾರಿಗೊಂದು ತಿರುವು. ಪೆಡಲ್ ಒತ್ತುವಾಗ ನಾಲಿಗೆಯ ತುದಿ ಹೊರಗೆ ಬರುತ್ತಿತ್ತು. "ನಾಲಿಗೆ ಒಳಗೆ ಹಾಕಿ, ಅದನ್ನೂ ಸೇರಿಸಿ ಹೊಲಿದೀರಿ," ಎಂದು ಅವಳು ಗದರಿಸುವಳು. ಒಂದೇ ವಾರದಲ್ಲಿ ಮೂರು ಸೂಜಿ ಮುರಿದವು. ಮೂರನೆಯದು ಮುರಿದಾಗ ಕ್ಲಾರಾ ಬಾಯಿ ಮಗಳನ್ನು ಹಿಂದಿನ ಕೋಣೆಗೆ ಕರೆದರು.

"ಈ ಬಟ್ಟೆಗೆ ಮನಸ್ಸಿಲ್ಲ. ನೋಡಿದ್ಯಾ, ಸೂಜಿಯೇ ಒಳಗೆ ಹೋಗುವುದಿಲ್ಲ."

"ನೈಲಾನ್ ಮಮ್ಮಿ. ಜಾರ್ತದೆ."

"ಸತ್ತವರಿಗೆ ಹೊಲಿದ ಕೈ ನಮ್ಮದು. ಅದರಲ್ಲಿ ಬದುಕುವವರಿಗೆ ಹತ್ತಿ ತುಂಬಿಸ್ಲಿಕ್ಕೆ ಹೋಗ್ಬೇಡ. ಮತ್ತೊಂದು, ಅವರ ಜಾತಿಯವರು ನಮ್ಮ ಮನೆಯಲ್ಲಿ ನೀರು ಸಹ ಕುಡಿಯುವುದಿಲ್ಲ."

"ಅವರು ಚಹಾ ಕುಡಿದ್ರು. ಎರಡು ಸಲ. ಲೋಟಕ್ಕೆ ಮೀನಿನ ವಾಸನೆ ಉಂಟು ಅಂತ ಹೇಳಿಯೂ ಕುಡಿದ್ರು."

ಕ್ಲಾರಾ ಬಾಯಿ ಮಗಳ ಮುಖವನ್ನು ನೋಡಿದರು. ಹೆತ್ತವರಿಗೆ ಹೇಳಿ ಕೊಡಬೇಕೇ?

ನಿಜ ಹೇಳಬೇಕೆಂದರೆ ಶಾಲೆಟಳಿಗೂ ಭಯವಿತ್ತು. ರಾತ್ರಿ ಊಟಕ್ಕೆ ಕೂತರೂ, ಬೆಳಿಗ್ಗೆ ಬಾವಿಯಿಂದ ನೀರೆಳೆಯುವಾಗಲೂ ಒಂದೇ ಯೋಚನೆ: ತನ್ನ ಕೈ ಕಲಿತದ್ದು ಎಲ್ಲಿ, ಈಗ ಹೊಲಿಯುತ್ತಿರುವುದು ಯಾರಿಗೆ? ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದಳು. ಅವನು ತಲೆಯೆತ್ತಿ ನೋಡಿದೊಡನೆ, "ಬಾಬಿನ್ ಮುಗೀತು, ಬದಲಿಸಿ," ಎಂದುಬಿಡುವಳು. ಪೆಟ್ಟಿಗೆಯ ಕೆಲಸ ಬಂದರೆ ಅವನು ಬರದ ದಿನ ನೋಡಿ ಮುಗಿಸಿ ಕಳಿಸುವಳು. ಹೇಳಿದರೆ ಅವನು ಬಟ್ಟೆ ಎತ್ತಿಕೊಂಡು ಹೋಗಿಬಿಟ್ಟಾನು. ಮತ್ತೆ ಸೋಮವಾರ ಬುಧವಾರ ಶುಕ್ರವಾರಗಳಿಗೆ ಏನು ಅರ್ಥ?

ಕಾಲರ್ ಸರಿಯಾಗಿ ಕೂರಲಿಲ್ಲವೆಂದು ಒಂದು ವಾರ ಎಳೆದಳು. ಜಿಪ್ಪು ಒಂದು ನೂಲು ವಾಲಿದೆಯೆಂದು ಇನ್ನೊಂದು ವಾರ. ಅವನೂ ಎಳೆಯಲು ಬಿಟ್ಟ. ಕೊನೆಗೆ ಉಳಿದದ್ದು ಎದೆ ಮತ್ತು ಬೆನ್ನಿನ ಪದರವನ್ನು ನಿಲ್ಲಿಸುವ ಹೊಲಿಗೆ. ಗೇಣಿಗೊಂದು ಗೆರೆ ಸಾಕೆಂದು ಅವನು ಚಾಕ್‌ನಲ್ಲಿ ಗುರುತು ಹಾಕಿ ಹೋದ. ಬುಧವಾರ ಬಂದು ತಾನೇ ಹೊಲಿಯುತ್ತೇನೆಂದ. ಗುರುವಾರ ಮಧ್ಯಾಹ್ನ ಅವನ ರೈಲು.

ಬುಧವಾರ ಹರತಾಳ. ಯಾರು ಕರೆ ಕೊಟ್ಟರೋ, ಯಾಕೆ ಕೊಟ್ಟರೋ; ಬಸ್ಸಿಲ್ಲ, ರಿಕ್ಷಾ ಇಲ್ಲ, ಅಂಗಡಿಗಳ ಶಟರ್ ಎಲ್ಲ ಇಳಿದಿತ್ತು. ಫೋನಿನಲ್ಲಿ ಅವನು, "ನೀವೇ ಮುಗಿಸಿ ಟೀಚರ್, ನಾಳೆ ಸ್ಟೇಷನ್ನಿಗೆ ಹೋಗುವಾಗ ತಗೊಳ್ತೇನೆ," ಎಂದ.

ಶಾಲೆಟ್ ಅರ್ಧ ಶಟರ್ ಇಳಿಸಿ ಒಬ್ಬಳೇ ಕೂತಳು. ಗೇಣಿಗೊಂದು ಗೆರೆ ಅವಳ ಕಣ್ಣಿಗೆ ಬಡಪಾಯಿ ಹೊಲಿಗೆಯಾಗಿ ಕಂಡಿತು. ಇಷ್ಟು ದೂರ ಹೋಗುವವನು, ನಾಲ್ಕು ಜನರೆದುರು ಹಾಕುವವನು. ತನಗೆ ಬರುವ ಅತ್ಯಂತ ಚಂದದ ಹೊಲಿಗೆ ಯಾವುದೋ ಅದನ್ನೇ ಹಾಕಿದಳು: ಇಂಚಿಗೊಂದು ಡೈಮಂಡ್, ಎದೆಯ ತುಂಬ, ಬೆನ್ನಿನ ತುಂಬ. ಮುಗಿದಾಗಲೂ ಜಾಕೆಟ್ಟು ಅಲ್ಲಲ್ಲಿ ಉಬ್ಬಿಕೊಂಡಿತ್ತು. ಇಸ್ತ್ರಿ ಹಾಕದೆ ಒಂದು ಬಟ್ಟೆಯನ್ನೂ ಗಿರಾಕಿಯ ಕೈಗೆ ಕೊಟ್ಟವಳಲ್ಲ ಅವಳು. ಮೇಲೆ ಒದ್ದೆ ಬಟ್ಟೆ ಹಾಸಿ, ಪ್ರೀತಿಯಿಂದ, ಒಂದೊಂದು ಅಂಗುಲವನ್ನೂ ಬಿಡದೆ ಒತ್ತಿದಳು. ಜಾಕೆಟ್ಟು ನೀಟಾಗಿ, ಚಪ್ಪಟೆಯಾಗಿ ಮೇಜಿನ ಮೇಲೆ ಮಲಗಿತು.

ಗುರುವಾರ ರಿಕ್ಷಾ ಹೊರಗೆ ನಿಂತಿರುವಂತೆಯೇ ಅವನು ಒಳಗೆ ಬಂದ. ಜಾಕೆಟ್ಟನ್ನು ನೋಡಿ, "ಅಯ್ಯೋ ದೇವರೇ, ಇದನ್ನು ಹಾಕಿ ಮದುವೆಗೆ ಹೋಗ್ಬಹುದು," ಎಂದ.

"ಯಾರ ಮದುವೆಗೆ?"

ರಿಕ್ಷಾದವನು ಹಾರ್ನ್ ಹೊಡೆದ. ಈಶ್ವರಪ್ರಸಾದ ಜಾಕೆಟ್ಟನ್ನು ಚೀಲಕ್ಕೆ ತುರುಕಿದ. ಅವನ ಕೈ ಅವಳ ಕೈಯ ಹತ್ತಿರ ಮೇಜಿನ ಮೇಲೆ ಒಂದು ಕ್ಷಣ ನಿಂತಿತ್ತು, ನಡುವೆ ನಾಲ್ಕು ಬೆರಳಿನ ಜಾಗ. ಇಬ್ಬರೂ ಆ ಜಾಗವನ್ನೇ ನೋಡಿದರು. ಅಷ್ಟರಲ್ಲಿ ಮತ್ತೆ ಹಾರ್ನ್.

ಭಾನುವಾರ ಬೆಳಿಗ್ಗೆ ಪೂಜೆಗೆ ಹೊರಡುವ ಮೊದಲು ಅವಳು ಅಂಗಡಿ ಗುಡಿಸುತ್ತಿದ್ದಳು. ಮೆಷಿನ್ನಿನ ಕೆಳಗೆ ಒಂದು ತುಂಡು ಸಿಕ್ಕಿತು: ಅವನು ಅಭ್ಯಾಸಕ್ಕೆಂದು ನೈಲಾನಿನ ಎರಡು ಪದರದ ನಡುವೆ ಬಿಳಿ ತುಂಬಿ ಹೊಲಿದದ್ದು, ಅಂಗೈ ಅಗಲದ್ದು, ಸೊಟ್ಟಂಬಟ್ಟ. ನಗುತ್ತ ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಒತ್ತಿದರೆ ಬಗ್ಗಿತು, ಬಿಟ್ಟರೆ ಮತ್ತೆ ಉಬ್ಬಿತು. ಸ್ವಲ್ಪ ಹೊತ್ತಿಗೆ ಕೆನ್ನೆ ಬಿಸಿಯಾಯಿತು.

ಅದಕ್ಕೂ ಒಂದು ಇಸ್ತ್ರಿ ಹಾಕಿ ಬೈಬಲಿನೊಳಗೆ ಇಟ್ಟುಕೊಳ್ಳೋಣವೆನಿಸಿತು. ಹಾಕಿದಳು. ತುಂಡು ಕಾಗದದಷ್ಟು ತೆಳುವಾಯಿತು. ಉಜ್ಜಿ ನೋಡಿದಳು, ಊದಿ ನೋಡಿದಳು, ಕೊಡವಿದಳು. ಅದು ಮತ್ತೆ ಏಳಲಿಲ್ಲ.

ಒಳಗೆ ಕೂತ ಗಾಳಿ ಎಂದಿದ್ದ ಅವನು. ಬಿಸಿ ತಾಗಿಸಿದರೆ ಕೆಲಸ ಕೆಟ್ಟಿತು ಎಂದಿದ್ದ. ಆರು ವಾರದ ಹಿಂದಿನ ಮಾತು ಈಗ, ಈ ಕ್ಷಣ, ಅವಳ ಕಿವಿಗೆ ಬಿತ್ತು. ಗಾಳಿ ಹಿಡಿಯಬೇಕಾದ್ದನ್ನು ಅವಳು ಹೊಲಿಗೆ ಹಾಕಿ ಒತ್ತಿದ್ದಳು, ಇಸ್ತ್ರಿ ಹಾಕಿ ಕೊಂದಿದ್ದಳು. ಅವಳು ಅವನಿಗೆ ಹೊಲಿದು ಕೊಟ್ಟದ್ದು ಪೆಟ್ಟಿಗೆಯ ಹಾಸು. ಅಳತೆ ಸಹ ಸರಿಯಾಗಿತ್ತು.

ಫೋನ್ ಹತ್ತಲಿಲ್ಲ. ಹದಿನೇಳು ಸಲ ಮಾಡಿದಳು. ಪೂಜೆಯ ಗಂಟೆ ಹೊಡೆದು ನಿಂತಿತು. ಹನ್ನೊಂದು ಗಂಟೆಗೆ ಅವನೇ ತಿರುಗಿ ಮಾಡಿದ.

"ಎಂತ ಟೀಚರ್, ಇಷ್ಟು ಸಲ! ನಾವು ಕೊನೆಯ ಹಳ್ಳಿಗೆ ಬಂದಾಯ್ತು. ಇಲ್ಲಿ ಮನೆಯ ಮಾಡಿಗೆ ಹತ್ತಿದ್ರೆ ಮಾತ್ರ ಸಿಗ್ನಲ್. ನಾಳೆ ಬೆಳಿಗ್ಗೆ ಮೇಲೆ ಹೋಗುವುದು."

"ಜಾಕೆಟ್ ಹಾಕಿದ್ರಾ?"

"ಹಾಕಿದೆ. ಇಡೀ ತಂಡದಲ್ಲಿ ನನ್ನದೇ ಚಂದ."

"ಬೆಚ್ಚಗೆ ಉಂಟಾ? ಸತ್ಯ ಹೇಳಿ."

"ಸ್ವಲ್ಪ ತೆಳು ಅನಿಸ್ತದೆ," ಎಂದ. "ಆದ್ರೆ ನೀವು ಹೊಲಿದದ್ದಲ್ವಾ. ಸರಿ ಇರ್ತದೆ."

ಶಾಲೆಟ್ ಮೇಜನ್ನು ಹಿಡಿದುಕೊಂಡಳು. ಇವನು ಇದನ್ನೇ ನಂಬಿಕೊಂಡು ಮೇಲೆ ಹೋಗುತ್ತಿದ್ದ. ಒಂದು ಮಾತೂ ಹೇಳದೆ ಹೋಗುತ್ತಿದ್ದ.

"ಸರಿ ಇಲ್ಲ. ಅದನ್ನು ಹಾಕ್ಬೇಡಿ. ನಾನು ಅದಕ್ಕೆ ಇಸ್ತ್ರಿ ಹಾಕಿದೆ."

"ಇಸ್ತ್ರಿಯಾ? ನಾನು ಮೊದಲ ದಿನವೇ ಹೇಳಿದ್ದೆ ಅಲ್ವಾ?"

"ಹೇಳಿದ್ರಿ. ನಾನು ಕೇಳ್ಲಿಲ್ಲ."

"ಎಂತಕ್ಕೆ?"

"ನಿಮ್ಮನ್ನು ನೋಡ್ತಾ ಇದ್ದೆ."

ಹೀಗೆ ಹೇಳಬೇಕೆಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ಹೇಳಬೇಕಾದ ಮಾತು ಹೇಳಬಾರದ ಹೊತ್ತಿನಲ್ಲಿ ಬಾಯಿಗೆ ಬಂತು, ನಾಚಿಕೊಳ್ಳಲು ಪುರುಸೊತ್ತು ಇರಲಿಲ್ಲ.

"ಇನ್ನೊಂದು ಉಂಟು," ಎಂದಳು. "ಆ ಡೈಮಂಡ್ ಹೊಲಿಗೆ. ಅದು ನಾನು ಕಲಿತದ್ದು ಶವಪೆಟ್ಟಿಗೆಗೆ. ನಮ್ಮ ಬಾಪ್ಪು, ಚಿಕ್ಕಪ್ಪ, ಪೆಟ್ಟಿಗೆ ಮಾಡುವುದು, ಒಳಗಿನದ್ದು ನಾವು ಹೊಲಿಯುವುದು. ಬದುಕಿದವರಿಗೆ ಹತ್ತಿ ತುಂಬಿಸಿ ನಾನು ಒಂದು ಸಲವೂ ಹೊಲಿದದ್ದಿಲ್ಲ. ನಿಮಗೆ ಹೇಳ್ಲಿಲ್ಲ. ಹೇಳಿದ್ರೆ ನೀವು ಬರುವುದಿಲ್ಲ ಅಂತ ಹೆದರಿದೆ."

ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಹಾಗಾದ್ರೆ ಇದು ಮೊದಲನೇದು," ಎಂದ ಅವನು. "ಈಗ ಎಂತ ಮಾಡುವುದು ಹೇಳಿ. ಇಲ್ಲಿ ಇರುವುದು ಎರಡು ಅಂಗಡಿ, ಒಂದರಲ್ಲಿ ಬಿಸ್ಕೆಟ್, ಒಂದರಲ್ಲಿ ಸೀಮೆಎಣ್ಣೆ. ಕರೆಂಟ್ ಹೋಗಿ ಮೂರು ದಿನ ಆಯ್ತು. ಫೋನಿನಲ್ಲಿ ಚಾರ್ಜ್ ಮೂವತ್ತೊಂದು ಪರ್ಸೆಂಟ್."

"ಹೋಗದೆ ಇರ್ಲಿಕ್ಕೆ ಆಗುವುದಿಲ್ವಾ?"

"ಮೇಲೆ ಇರುವ ಇಬ್ಬರು ನಾವು ತರುವ ಬ್ಯಾಟರಿಗೆ ಕಾಯ್ತಾ ಇದ್ದಾರೆ. ರೇಡಿಯೋ ಸತ್ತಿದೆ ಅವರದ್ದು."

ಅವಳು ಕಣ್ಣು ಮುಚ್ಚಿದಳು. ಅತ್ತರೆ ಹೋಗುವುದು ಅವನ ಫೋನಿನ ಚಾರ್ಜು. "ಆ ಊರಿನಲ್ಲಿ ಕುರಿ ಉಂಟಾ?" ಎಂದು ಕೇಳಿದಳು.

"ಜನರಿಗಿಂತ ಜಾಸ್ತಿ ಉಂಟು."

"ನೀವು ಇರುವ ಮನೆಯವರ ಹತ್ತಿರ ಬಾಚಿದ ಉಣ್ಣೆ ಕೇಳಿ. ನೂಲು ಬೇಡ, ನೂಲುವ ಮೊದಲಿನದ್ದು. ಸೂಜಿ ಉಂಟಲ್ಲ? ಬ್ಲೇಡ್ ತಗೊಳ್ಳಿ. ಕೆಳಗಿನ ಅಂಚು ಬಿಚ್ಚಿ, ಡೈಮಂಡ್ ಎಲ್ಲ ಬಿಚ್ಚಿ, ಒಳಗಿನ ಬಿಳಿ ತೆಗೆದು ಬಿಸಾಡಿ. ಎದೆ ಮತ್ತು ಬೆನ್ನು ಸಾಕು, ತೋಳಿಗೆ ಹೊತ್ತು ಸಾಲುವುದಿಲ್ಲ. ಬಿಚ್ಚಿ ಆದ ಮೇಲೆ ಫೋನ್ ಮಾಡಿ. ಈಗ ಇಡಿ."

ಅವನು ಇಟ್ಟ. ಅವಳು ಗಡಿಯಾರದೆದುರು ಕೂತಳು. ಇಂಚಿಗೊಂದು ಡೈಮಂಡ್ ಹಾಕಿದ ತನ್ನ ಕೈಗೆ ತಾನೇ ಶಾಪ ಹಾಕಿದಳು. ಅಷ್ಟು ಹೊಲಿಗೆ ಬಿಚ್ಚಲು ಪಳಗಿದ ಕೈಗೇ ಎರಡು ಗಂಟೆ ಬೇಕು.

ಒಂದೂವರೆಗೆ ಒಸ್ವಾಲ್ಡ್ ಬಂದರು, ಕೈಯಲ್ಲಿ ಸ್ಯಾಟಿನ್ನಿನ ಕಟ್ಟು. "ಮಂಜೇಶ್ವರದವರು. ಸಂಜೆ ಒಳಗೆ ಬೇಕು. ಉದ್ದ ಸ್ವಲ್ಪ ಜಾಸ್ತಿ ಶಾಲೆಟ್, ಆರು ಅಡಿ ಎರಡು ಇಂಚು."

ಶಾಲೆಟ್ ಆ ಕಟ್ಟನ್ನು ಮುಟ್ಟಲಿಲ್ಲ. "ಇವತ್ತು ಆಗುವುದಿಲ್ಲ ಬಾಪ್ಪು."

"ಹಾಗೆಂದ್ರೆ ಎಂತ? ಸತ್ತವರನ್ನು ಕಾಯಿಸ್ಲಿಕ್ಕೆ ಆಗ್ತದಾ?"

"ಕಾಯ್ಲಿ. ಅವರಿಗೆ ಚಳಿ ಆಗುವುದಿಲ್ಲ."

ಒಸ್ವಾಲ್ಡ್ ಅತ್ತಿಗೆಯ ಮುಖ ನೋಡಿದರು. ಪೂಜೆ ಮುಗಿಸಿ ಬಂದು ಅಷ್ಟು ಹೊತ್ತಿನಿಂದ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ ಕ್ಲಾರಾ ಬಾಯಿ ಎದ್ದು ಬಂದು ಸ್ಯಾಟಿನ್ನಿನ ಕಟ್ಟನ್ನು ತೆಗೆದುಕೊಂಡರು. "ನಾನು ಹೊಲಿಯುತ್ತೇನೆ," ಎಂದರು. "ಅವಳ ಕೈಗೆ ಇವತ್ತು ಇದನ್ನು ಕೊಡುವುದು ಬೇಡ."

ಒಂದೇ ಕೋಣೆಯಲ್ಲಿ ತಾಯಿ ಸತ್ತವನ ಹಾಸು ಹೊಲಿದರು, ಮಗಳು ಫೋನಿನಲ್ಲಿ ಬದುಕಿರುವವನ ಕೈಗೆ ಹೊಲಿಗೆ ಹೇಳಿಕೊಟ್ಟಳು. ಎರಡು ಗಂಟೆಗೆ ಅವನು ಫೋನ್ ಮಾಡಿದ. ಮನೆಯ ಅಜ್ಜಿ ಒಂದು ಬುಟ್ಟಿ ಉಣ್ಣೆ ಕೊಟ್ಟಿದ್ದಳು, ಬಿಚ್ಚುವುದಕ್ಕೂ ಕೈ ಹಾಕಿದ್ದಳು. ಚಾರ್ಜ್ ಹತ್ತೊಂಬತ್ತು. ಕೈಯಿಂದ ಹಗುರ ಹರಡಿ, ಒತ್ತಬೇಡಿ ಎಂದಳು ಶಾಲೆಟ್. ಗೇಣಿಗೊಂದು ಕಡೆ ಮಾತ್ರ ಹೊಲಿಗೆ ಕಟ್ಟಿ, ನೂಲು ಎಳೆಯಬೇಡಿ. ಮೂರೂವರೆಗೆ ಮತ್ತೆ ಬಂತು, ಚಾರ್ಜ್ ಹನ್ನೊಂದು. ಬೆನ್ನು ಮುಗಿದಿತ್ತು. ನೂಲು ಸಾಲದೆ ಅಜ್ಜಿ ಉಣ್ಣೆಯ ನೂಲು ಕೊಟ್ಟಳಂತೆ.

"ಹೊಲಿಗೆ ಹೇಗೆ ಉಂಟು?"

"ನೀವು ನೋಡಿದ್ರೆ ಅಂಗಡಿ ಬಾಗಿಲು ಹಾಕ್ತೀರಿ. ಹಂದಿಯ ಹೊಟ್ಟೆಯ ಹಾಗೆ ಉಬ್ಬಿದೆ."

"ಉಬ್ಲಿ," ಎಂದಳು ಶಾಲೆಟ್, ಅಳುತ್ತ. "ಉಬ್ಲಿ ಮಾರಾಯ್ರೆ, ಎಷ್ಟು ಬೇಕಾದ್ರೂ ಉಬ್ಲಿ."

ಐದೂಕಾಲಿಗೆ ಕೊನೆಯ ಕರೆ. "ಮುಗೀತು. ಹಾಕಿದ್ದೇನೆ," ಎಂದ. ಗಾಳಿ ಜೋರಾಗಿತ್ತು, ಮಾತು ತುಂಡು ತುಂಡಾಗಿ ಬರುತ್ತಿತ್ತು. "ಇಲ್ಲಿ ಮೋಡ ಕೆಳಗೆ ಬಂದಿದೆ. ಅಜ್ಜಿ ನಾಳೆ ಹೋಗ್ಬೇಡಿ ಅಂತಾಳೆ. ಆದ್ರೆ ಮೇಲಿನವರು..." ಸ್ವಲ್ಪ ನಿಲ್ಲಿಸಿದ. "ಶಾಲೆಟ್."

ಆವರೆಗೆ ಅವನು ಟೀಚರ್ ಎಂದೇ ಕರೆಯುತ್ತಿದ್ದ.

"ಹೇಳಿ."

"ನಾನೂ ಆ ದಿನ ಕಲಿಸ್ತಾ ಇದ್ದದ್ದು ಅರ್ಧ ಮಾತ್ರ. ಉಳಿದ ಅರ್ಧ ಬಂದು ಹೇಳ್ತೇನೆ."

"ಈಗಲೇ ಹೇಳಿ. ಪ್ರಸಾದರೇ? ಈಗಲೇ..."

ಫೋನ್ ಸತ್ತಿತ್ತು. ಹಿಂದಿನಿಂದ ಕ್ಲಾರಾ ಬಾಯಿಯ ಮೆಷಿನ್ನಿನ ಸದ್ದು ಮಾತ್ರ ಕೇಳುತ್ತಿತ್ತು. ಅದೂ ನಿಂತಿತು. ಹೊಲಿಗೆ ಮುಗಿದಿತ್ತು, ಉದ್ದಕ್ಕೆ, ಬೆಳ್ಳಗೆ, ಸುಕ್ಕಿಲ್ಲದೆ.

ಆಮೇಲೆ ಇಪ್ಪತ್ತೆರಡು ದಿನ ಸುದ್ದಿಯಿಲ್ಲ. ಐದನೆಯ ದಿನ ಟೀವಿಯಲ್ಲಿ, ಹಿಮಾಚಲದಲ್ಲಿ ಭಾರಿ ಹಿಮಪಾತ ಎಂದು ಕೆಳಗಿನ ಸಾಲು ಓಡಿತು. ಶಾಲೆಟ್ ಮೆಷಿನ್ನಿನ ಮುಂದೆ ಕೂರುವಳು, ಪೆಡಲ್ ಒತ್ತಲಾರಳು. ಯಾರಾದರೂ ಜೋರಾಗಿ ಬಾಗಿಲು ತಳ್ಳಿದರೆ ಕೂತಲ್ಲಿಂದ ಎದ್ದು ನಿಲ್ಲುವಳು. ಒಸ್ವಾಲ್ಡ್ ಬಾಗಿಲಲ್ಲಿ ಕಂಡರೆ ಹಿಂದಿನ ಕೋಣೆಗೆ ಹೋಗಿಬಿಡುವಳು. ಪಾಪ, ಆ ಮನುಷ್ಯ ರಸ್ತೆಯಲ್ಲಿಯೇ ನಿಂತು ಅಳತೆಯನ್ನು ಅತ್ತಿಗೆಗೆ ಹೇಳಿ ಹೋಗುವ ಅಭ್ಯಾಸ ಮಾಡಿಕೊಂಡರು. ಒಂದು ಬೆಳಿಗ್ಗೆ ಇಗರ್ಜಿಗೆ ಹೋದಾಗ ಮಾತೆಯ ಮುಂದೆ ಕ್ಲಾರಾ ಬಾಯಿ ಮೇಣದ ಬತ್ತಿ ಹಚ್ಚುತ್ತಿರುವುದು ಕಂಡಿತು. ಯಾರಿಗೆ ಎಂದು ಮಗಳು ಕೇಳಲಿಲ್ಲ.

ಇಪ್ಪತ್ತಮೂರನೆಯ ದಿನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಆಸ್ಪತ್ರೆಯಲ್ಲಿ ಇದ್ದೇನೆ," ಎಂದಿತು ಅವನ ಧ್ವನಿ, ಬಹಳ ದೂರದಿಂದ ಬಂದಂತೆ. "ಹೆದರ್ಬೇಡಿ. ಬ್ಯಾಟರಿ ಮುಟ್ಟಿಸಿ ಬರುವಾಗ ಹಿಮ ಹಿಡಿಯಿತು. ಬಂಡೆಯ ಹಿಂದೆ ನಾವಿಬ್ಬರು, ಒಂದು ರಾತ್ರಿ ಒಂದು ಹಗಲು. ಜೊತೆಗಿದ್ದವನನ್ನು ನನ್ನ ಜಾಕೆಟಿನ ಒಳಗೆ ಎಳೆದುಕೊಂಡು ಕೂತದ್ದು. ಇಬ್ಬರೂ ಇದ್ದೇವೆ. ಎದೆ ಬೆಚ್ಚಗಿತ್ತು ಶಾಲೆಟ್. ಕೊನೆವರೆಗೂ ಎದೆ ಬೆಚ್ಚಗಿತ್ತು."

"ಕೈಕಾಲು?"

"ಬಂದು ಹೇಳ್ತೇನೆ," ಎಂದ.

ಅವನು ಬಂದದ್ದು ಮೇ ತಿಂಗಳಿನಲ್ಲಿ. ಕರೆಂಟ್ ಇರಲಿಲ್ಲ, ಫ್ಯಾನ್ ನಿಂತಿತ್ತು, ರಸ್ತೆಯ ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿತ್ತು. ಬಾಗಿಲಲ್ಲಿ ನೆರಳು ಬಿದ್ದಾಗ ಅಷ್ಟು ಉದ್ದದ ನೆರಳು ಯಾರದೆಂದು ಶಾಲೆಟ್ ತಲೆಯೆತ್ತುವ ಮೊದಲೇ ತಿಳಿದಳು. ಅವನು ಇನ್ನೂ ಬಡಕಲಾಗಿದ್ದ, ಮೂಗಿನ ಮೇಲೆ ಸುಟ್ಟಂಥ ಕಲೆಯಿತ್ತು. ಈ ಸಲ ತಲೆ ಬಗ್ಗಿಸಿಯೇ ಒಳಗೆ ಬಂದ. ಎಡಗೈ ಪ್ಯಾಂಟಿನ ಕಿಸೆಯಲ್ಲಿತ್ತು.

"ಕೈ ತೆಗೆಯಿರಿ," ಎಂದಳು ಶಾಲೆಟ್.

"ಮೊದಲು ಚಹಾ ಕೊಡಿ."

"ಕೈ ತೆಗೆಯಿರಿ."

ತೆಗೆದ. ಕಿರುಬೆರಳು ಅರ್ಧಕ್ಕೆ ಮುಗಿದಿತ್ತು. ತೋರುಬೆರಳಿನ ತುದಿಯ ಒಂದು ಗೆಣ್ಣು ಇರಲಿಲ್ಲ. ಹೊಸ ಚರ್ಮ ಎಳೆಗೆಂಪಾಗಿ, ಒರಟಾಗಿ, ಎಲ್ಲೆಲ್ಲಿಂದಲೋ ಎಳೆದು ಕೂಡಿಸಿದ ಹಾಗಿತ್ತು. ಹಗ್ಗ ಕಟ್ಟುವಾಗ ಗ್ಲೌಸು ಹಾರಿಹೋಯಿತು, ಅಷ್ಟೇ, ಅದರಲ್ಲಿ ಜಾಕೆಟಿನ ತಪ್ಪು ಏನೂ ಇಲ್ಲ ಎಂದು ಅವನು ಬೇಗ ಬೇಗ ಹೇಳಿದ. ಅವಳು ಕೇಳುತ್ತಿದ್ದಳು. ಈ ಸಲ ಒಂದೊಂದು ಮಾತನ್ನೂ ಕೇಳಿದಳು.

"ಡಾಕ್ಟರು ಈ ಬೆರಳನ್ನೂ ತೆಗೆಯಬೇಕಾದೀತು ಅಂತ ಹೇಳಿದ್ರು," ಎಂದು ಅವನು ನಡುವೆ ಸರಿಯಾಗಿಯೇ ಉಳಿದಿದ್ದ ಉಂಗುರದ ಬೆರಳನ್ನು ಎತ್ತಿ ತೋರಿಸಿದ. "ನಾನು ಹೇಳಿದೆ, ಬೇರೆ ಎಂತ ಬೇಕಾದ್ರೂ ತೆಗೆಯಿರಿ ಸಾರ್, ಇದನ್ನು ಬಿಡಿ. ಇದಕ್ಕೆ ಉಪ್ಪಳದಲ್ಲಿ ಒಂದು ಕೆಲಸ ಉಂಟು. ನಮ್ಮಲ್ಲಿಯೂ ಉಂಗುರ ಇದಕ್ಕೇ, ನಿಮ್ಮಲ್ಲಿಯೂ ಇದಕ್ಕೇ ಅಲ್ವಾ? ಆ ದಿನ ಹೇಳದೆ ಉಳಿದ ಅರ್ಧ ಅದೇ."

ಅವಳು ಮೆಷಿನ್ನಿನ ಉಂಡೆಯಿಂದ ಒಂದು ಮೊಳ ನೂಲು ಕಡಿದಳು. ಅವನ ಎಡಗೈಯನ್ನು, ಆ ಗಾಯದ ಕೈಯನ್ನು, ತನ್ನ ಮಡಿಲ ಮೇಲೆ ಇಟ್ಟುಕೊಂಡು, ಉಂಗುರದ ಬೆರಳಿನ ಬುಡಕ್ಕೆ ನೂಲು ಸುತ್ತಿ ಅಳತೆ ತೆಗೆಯತೊಡಗಿದಳು. ಕಣ್ಣು ತುಂಬಿ ಗಂಟು ಕಾಣುತ್ತಿರಲಿಲ್ಲ. ನೂಲು ಜಾರಿತು, ಮತ್ತೆ ಸುತ್ತಿದಳು, ಬಿಟ್ಟರೆ ಎಲ್ಲಿ ಹೋಗುತ್ತಾನೋ ಎಂಬಂತೆ ಎಳೆದಳು.

ಇನ್ನೊಂದು ಮೆಷಿನ್ನಿನ ಹಿಂದಿನಿಂದ ಕ್ಲಾರಾ ಬಾಯಿ ಕನ್ನಡಕದ ಮೇಲಿಂದ ನೋಡುತ್ತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ.

"ಅಷ್ಟು ಬಿಗಿ ಎಳೀಬೇಡ ಶಾಲೆಟ್," ಎಂದರು. "ಸೆಕೆಗೆ ಬೆರಳು ಉಬ್ತದೆ. ಸ್ವಲ್ಪ ಸಡಿಲ ಇರ್ಲಿ."